ಕಿಯಾಯಿ ಸಬ್ದೊ ಅವರ ಮರುಹುಟ್ಟು

ಇಪ್ಪತ್ತೇಳು ವರ್ಷ ಒಂದೇ ಸೂರಿನ ಕೆಳಗೆ ಒಂದೇ ಪಾತ್ರೆಯ ಅನ್ನ ಉಂಡುಕೊಂಡಿದ್ದರೂ ಮಾವ ವಿರ್ಯೊದಿಕ್ರೊಮೊ ಅವರು ಅಳಿಯ ಮಾರ್ಗೊನೊನನ್ನು ಒಂದು ದಿನವೂ ‘ನಾಕ್’ ಎಂದು ಕರೆದಿರಲಿಲ್ಲ. ನಾಕ್ ಎಂದರೆ ಮಗು, ಮಗನೇ ಅಂತ. ಏನು ದೊಡ್ಡ ಬಿರುದಲ್ಲ. ನಮ್ಮ ಗಲ್ಲಿಗೆ ತರಕಾರಿ ತರುವವನೂ ಅವರಿಗೆ ನಾಕ್, ಕರೆಂಟಿನ ಮೀಟರ್ ಓದಲು ಬರುವವನೂ ನಾಕ್, ಪಕ್ಕದ ಮನೆಯ ಮೇಕೆಯೂ ನಾಕ್. ಅಳಿಯ ಮಾತ್ರ ‘ಅವನು’. ಅದೂ ಅವನ ಎದುರಿಗೇ.

“ಸುಮಿರಾ, ಅವನಿಗೆ ಹೇಳು, ಚಹಾ ಆರ್ತಾ ಇದೆ ಅಂತ,” ಎನ್ನುವರು ಮಗಳಿಗೆ. ಅವನು ಎದುರು ಕುರ್ಚಿಯಲ್ಲಿ, ಕೈಯಲ್ಲಿ ಅದೇ ಚಹಾ ಹಿಡಿದು ಕೂತಿರುತ್ತಿದ್ದ.

ಮಾವನವರ ಕಡೆಯಿಂದ ನೋಡಿದರೆ ಇದಕ್ಕೆ ಕಾರಣವೂ ಇತ್ತೆನ್ನಿ. ಜಾವಾದ ಹಳಬರ ಪ್ರಕಾರ ಗಂಡಸು ಪೂರ್ತಿ ಗಂಡಸು ಅನ್ನಿಸಿಕೊಳ್ಳಬೇಕಾದರೆ ಐದು ಬೇಕು: ಮನೆ, ಹೆಂಡತಿ, ಕುದುರೆ, ಕಠಾರಿ, ಹಕ್ಕಿ. (ಈ ಪಟ್ಟಿ ಮಾಡುವಾಗ ಹೆಂಡತಿಯನ್ನು ಯಾರೂ ಒಂದು ಮಾತು ಕೇಳಿದಂತಿಲ್ಲ.) ಮಾರ್ಗೊನೊ ಇದ್ದದ್ದು ಮಾವನ ಮನೆ. ಹೆಂಡತಿ ಮಾವನ ಮಗಳು. ಕುದುರೆಯ ಜಾಗದಲ್ಲಿ ಒಂದು ಮೋಟಾರ್‌ಬೈಕ್ ಇತ್ತು, ಅದನ್ನು ಅವನು ಹತ್ತಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಕಠಾರಿಯ ಬದಲಿಗೆ, ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಿಂದ ನಿವೃತ್ತನಾದ ದಿನ ಸಹೋದ್ಯೋಗಿಗಳು ಕೊಟ್ಟ ಲಕೋಟೆ ಸೀಳುವ ಚಾಕು. ಇನ್ನು ಹಕ್ಕಿ. ಮದುವೆಯಾದ ಹೊಸತರಲ್ಲಿ ಅವನೂ ಒಂದು ಹಕ್ಕಿ ತಂದಿದ್ದ. ಮೂರನೇ ದಿನ ನೀರಿಟ್ಟವನು ಪಂಜರದ ಬಾಗಿಲು ಹಾಕುವುದನ್ನು ಮರೆತ. ಹಕ್ಕಿ ಹೋದ ದಿಕ್ಕನ್ನು ಮಾವನವರು ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾರೆ.

ಮಾವನವರ ಹಕ್ಕಿಯ ಮಾತೇ ಬೇರೆ. ಅದು ಪರ್ಕುತುತ್ ಜಾತಿಯ ಬೆಳವ. ಮುಷ್ಟಿಯಷ್ಟು ಗಾತ್ರ, ಬೂದು ಮೈ, ಎದೆಯ ಮೇಲೆ ಸಣ್ಣ ಸಣ್ಣ ಪಟ್ಟೆ. ಹೆಸರು ಕಿಯಾಯಿ ಸಬ್ದೊ. ಕಿಯಾಯಿ ಅಂದರೆ ನಮ್ಮಲ್ಲಿ ಪೂಜ್ಯರಿಗೆ, ಗುರುಗಳಿಗೆ ಹಚ್ಚುವ ಪದವಿ. ಹಾಗಾಗಿ ಮನೆಯಲ್ಲಿ ಯಾರೂ ಹಕ್ಕಿಯನ್ನು ‘ಅದು’ ಅನ್ನುವಂತಿರಲಿಲ್ಲ. ಬೆಳಿಗ್ಗೆ ಕಿಯಾಯಿಯವರ ಪಂಜರವನ್ನು ಅಂಗಳದ ಬಿದಿರ ಗಳಕ್ಕೆ ರಾಟೆಯಿಂದ ಎಳೆದು ಮನೆಯ ಹೆಂಚಿಗಿಂತ ಎತ್ತರಕ್ಕೆ ಏರಿಸಬೇಕು. ಅವರು ಮೇಲೆ ಬಿಸಿಲು ಕಾಯಿಸಿಕೊಂಡು “ಹೂರ್ರ್... ಕೆತೆಕೂ... ಕುಂಗ್” ಎಂದು ಹಾಡುತ್ತಾರೆ. ಏರಿಸುವ ಮುಂಚೆ ಮಾವನವರು ಪಂಜರದೊಳಗೆ ಕೈಹಾಕಿ, ಹೆಬ್ಬೆರಳಿನಿಂದ ಹಕ್ಕಿಯ ಕಾಲಿನ ಹುರುಪೆಗಳನ್ನು ಒಂದೊಂದೇ ಸವರಿ ಎಣಿಸುವರು. ಎರಡೂ ಕಾಲು ಸೇರಿ ಮೂವತ್ತಮೂರು. ಅದು ಮಹಾ ಅದೃಷ್ಟದ ಲಕ್ಷಣವಂತೆ. ಎಂಟು ವರ್ಷದಿಂದ ಕಣ್ಣಿಗೆ ಪೊರೆ ಬಂದು ಮಗಳ ಮುಖವೂ ಮಸುಕಾಗಿದ್ದ ಮುದುಕರಿಗೆ ಆ ಮೂವತ್ತಮೂರು ಹುರುಪೆ ಮಾತ್ರ ಬೆರಳ ತುದಿಯಲ್ಲಿ ಸ್ಪಷ್ಟವಾಗಿದ್ದವು.

ಕೊನೆಗೆ ಸೆಮಾರಾಂಗ್ ನಗರದಲ್ಲಿದ್ದ ದೊಡ್ಡ ಮಗಳು ಹಠ ಹಿಡಿದಳು. ಅಲ್ಲೇ ಇಟ್ಟುಕೊಂಡು ಎರಡೂ ಕಣ್ಣಿನ ಆಪರೇಷನ್ ಮಾಡಿಸಿ, ನಲವತ್ತು ದಿನ ಆರೈಕೆ ಮಾಡಿ ಕಳಿಸುತ್ತೇನೆ ಎಂದಳು. ಹೊರಡುವ ದಿನ ಮಾವನವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ಕಾಲು ಕೀಳಲಿಲ್ಲ.

“ಸುಮಿರಾ, ಅವನಿಗೆ ಹೇಳು. ಕಿಯಾಯಿಗೆ ಬೇಕಾದ್ದೆಲ್ಲ ಕಾಳಿನ ಡಬ್ಬಿಯಲ್ಲಿ ಇಟ್ಟಿದೀನಿ.”

“ಸುಮಿರಾ, ಬಾಪಾಗೆ ಹೇಳು, ನಂಗೆ ಕಿವಿ ಕೇಳುತ್ತೆ ಅಂತ,” ಎಂದ ಮಾರ್ಗೊನೊ.

“ಕಿಯಾಯಿ ವಿಷಯದಲ್ಲಿ ಇದೊಂದ್ಸಲ ಅವನು ಸರಿಯಾಗಿ ನಡ್ಕೊಂಡ್ರೆ,” ಎಂದು ಮುದುಕರು ಗಂಟಲು ಸರಿಮಾಡಿಕೊಂಡರು, “ಬಂದ ಮೇಲೆ ಅವನನ್ನ ನಾನೇ ಬಾಯ್ತುಂಬ ನಾಕ್ ಅಂತ ಕರೀತೀನಿ. ಹೇಳು ಅವನಿಗೆ.”

ಮಾರ್ಗೊನೊಗೆ ಕಣ್ಣಲ್ಲಿ ನೀರೇ ಬಂತು. ಅಂದು ಸಂಜೆಯೇ ಕಾಳಿನ ಡಬ್ಬಿ ತೆರೆದು ನೋಡಿದ. ತೊಳೆದು ಒಣಗಿಸಿದ ನವಣೆ. ಅದರ ಮೇಲೆ ಮಡಿಸಿಟ್ಟ ಒಂದು ಚೌಕ ಬಿಳಿ ಬಟ್ಟೆ. ಒಣಗಿದ ಮಲ್ಲಿಗೆಯ ಒಂದು ಪೊಟ್ಟಣ. ಬಟ್ಟೆ ಪಂಜರ ಒರೆಸಲು, ಮಲ್ಲಿಗೆ ಹುಳ ಬಾರದಿರಲು ಎಂದು ತಾನೇ ತೀರ್ಮಾನಿಸಿದ. ಪಾರ್ಸೆಲ್ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವನಿಗೆ ಒಳಗಿರುವುದನ್ನು ಹೊರಗಿನಿಂದ ಊಹಿಸುವುದು ಅಭ್ಯಾಸವಾಗಿತ್ತು.

ಹನ್ನೊಂದನೇ ದಿನ ಬೆಳಿಗ್ಗೆ ಅಂಗಳದಿಂದ ಕೂಗು ಕೇಳಿಸಿತು.

“ಸುಮಿರಾ! ಕಿಯಾಯಿ ಏಳ್ತಾ ಇಲ್ಲ!”

“ಮಲಗಿರ್ಬೇಕು, ಬಿಡಿ.”

“ಕಾಲು ಮೇಲೆ ಮಾಡ್ಕೊಂಡು ಮಲಗಿದಾರೆ ಕಣೇ!”

“ನೀವೂ ಮಧ್ಯಾಹ್ನ ಹಾಗೇ ಮಲಗ್ತೀರಲ್ಲ, ಮಾಸ್.” (ಮಾಸ್ ಎಂದರೆ ಅಣ್ಣ. ನಮ್ಮಲ್ಲಿ ಗಂಡನನ್ನು ಹಾಗೆ ಕರೆಯುವುದು ವಾಡಿಕೆ. ದನಿಯಲ್ಲೂ ಅದೇ ಮರ್ಯಾದೆ ಇರಬೇಕೆಂಬ ವಾಡಿಕೆ ಇಲ್ಲ.)

ಸುಮಿರಾ ಸೌಟು ಹಿಡಿದುಕೊಂಡೇ ಬಂದು ನೋಡಿದಳು. ಕಿಯಾಯಿ ಸಬ್ದೊ ಅವರು ಇಹಲೋಕದ ನವಣೆಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋಗಿದ್ದರು.

“ಪಾಪ, ವಯಸ್ಸಾಗಿತ್ತು,” ಎಂದಳು. “ನಾನು ಪಂಜರಕ್ಕೆ ನೀರಿಡ್ತಾ ಇದ್ದದ್ದು ಹದಿನೆಂಟು ವರ್ಷದಿಂದ. ಬಾಪಾಗೆ ಫೋನ್ ಮಾಡಿ ಹೇಳ್ಬಿಡೋಣ, ಮಣ್ಣು ಮಾಡೋಣ.”

“ಫೋನಾ? ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಒಂದು ಹಕ್ಕಿ ನನ್ನ ಕೈಗೆ ಕೊಟ್ಟಿದಾರೆ. ಹನ್ನೊಂದು ದಿನಕ್ಕೆ ತೀರ್ಕೊಂಡ್ತು ಅಂತ ಹೇಳ್ಲಾ? ನನ್ನನ್ನ ‘ಅವನು’ ಅನ್ನೋದನ್ನೂ ಬಿಟ್ಟು ‘ಅದು’ ಅಂತಾರೆ!”

“ಹಾಗಾದ್ರೆ ಹಕ್ಕಿ ಸಂತೆಗೆ ಹೋಗಿ ಇಂಥದ್ದೇ ಇನ್ನೊಂದು ತನ್ನಿ. ಬಾಪಾಗೆ ಎಲ್ಲಿ ಕಾಣುತ್ತೆ?”

“ಕಾಲು ಎಣಿಸ್ತಾರಲ್ಲೇ! ಮೂವತ್ತಮೂರು ಹುರುಪೆ ಇರೋ ಹಕ್ಕಿನ ಎಲ್ಲಿಂದ ತರ್ಲಿ?”

ಹಾಗೆಂದವನು ಅಲ್ಲೇ ನಿಂತ. ಮುಖದ ಮೇಲೆ ಒಂದು ಬೆಳಕು ಹರಿಯಿತು. ಆ ಬೆಳಕನ್ನು ಸುಮಿರಾ ಮದುವೆಯಾದಾಗಿನಿಂದ ನಾಲ್ಕು ಸಲ ನೋಡಿದ್ದಳು, ನಾಲ್ಕು ಸಲವೂ ಮನೆಯಲ್ಲಿ ಏನಾದರೊಂದು ಮುರಿದಿತ್ತು.

“ಕಾಲು ಇದೇ ಇರ್ಬೇಕು ತಾನೆ? ಇದೇ ಇರುತ್ತೆ! ಚರ್ಮ ಇದೇ, ಗರಿ ಇದೇ, ಕಾಲು ಇದೇ. ಒಳಗಿಂದು ಮಾತ್ರ ತೆಗೆದು ಹತ್ತಿ ತುಂಬೋದು. ಮ್ಯೂಸಿಯಮ್ಮಲ್ಲಿ ಹುಲಿ ನಿಂತಿರಲ್ವಾ, ಹಾಗೆ. ಬಾಪಾ ಬಂದು ಕಾಲು ಮುಟ್ಟಿ ನೋಡ್ತಾರೆ. ಗಳಕ್ಕೇರಿಸ್ತೀವಿ. ಮೂರು ದಿನ ಬಿಟ್ಟು, ಅವರು ಮನೇಲಿರುವಾಗ್ಲೇ, ಕಿಯಾಯಿ ಶಾಂತವಾಗಿ ಕಣ್ಮುಚ್ತಾರೆ. ನನ್ನ ಮೇಲೆ ಒಂದು ಮಾತಿಲ್ಲ!”

“ಅಂದ್ರೆ ಸತ್ತ ಹಕ್ಕಿನ ಬದುಕಿಸಿ, ಬಾಪಾ ಬಂದ್ಮೇಲೆ ಇನ್ನೊಂದ್ಸಲ ಸಾಯಿಸ್ತೀರಾ?”

“ಗೌರವವಾಗಿ.”

ಸುಮಿರಾ ಸೌಟನ್ನು ನೋಡಿದಳು, ಗಂಡನ ತಲೆಯನ್ನು ನೋಡಿದಳು, ಒಳಗೆ ಹೋದಳು. ಒಲೆಯ ಮೇಲೆ ತೆಂಗಿನಹಾಲು ಉಕ್ಕುತ್ತಿತ್ತು.

ಅಂದಿನಿಂದ ಕಿಯಾಯಿಯವರ ಪಾರ್ಥಿವ ಶರೀರ ಫ್ರಿಜ್ಜಿನ ಹಿಮಪೆಟ್ಟಿಗೆಯಲ್ಲಿ, ಐಸ್‌ಕ್ರೀಮ್ ಡಬ್ಬಿಯೊಂದರೊಳಗೆ ವಿರಾಜಮಾನವಾಯಿತು. ಮಾರ್ಗೊನೊ ವಿದ್ಯಾರ್ಥಿಯಾದ. ಗುರು ಫೋನಿನೊಳಗಿದ್ದ. ಯಾವುದೋ ಊರಿನ ಒಬ್ಬ ಉತ್ಸಾಹಿ ಯುವಕ ‘ಹತ್ತೇ ನಿಮಿಷದಲ್ಲಿ ಹಕ್ಕಿಗೆ ಜೀವ’ ಎಂದು ಪಾಠ ಮಾಡುತ್ತಿದ್ದ. ವಿದ್ವಾಂಸನೇ ಇರಬೇಕು, ಆದರೆ ಅವನ ಹೆಬ್ಬೆರಳು ಭಾರಿ ದಪ್ಪ. ಎದೆ ಸೀಳುವುದು, ಚರ್ಮವನ್ನು ಕಾಲುಚೀಲ ಕಳಚಿದಂತೆ ಮಗುಚುವುದು, ತಲೆಬುರುಡೆ ಬಿಡಿಸುವುದು, ಇಂಥ ಪ್ರತಿಯೊಂದು ಮುಖ್ಯ ಗಳಿಗೆಯಲ್ಲೂ ಹೆಬ್ಬೆರಳು ಅಡ್ಡ ಬರುತ್ತಿತ್ತು. ಬೆರಳು ಸರಿಯುವ ಹೊತ್ತಿಗೆ ಹಕ್ಕಿ ಕೊಂಬೆಯ ಮೇಲೆ ಕೂತು ಮುಗುಳ್ನಗುತ್ತಿತ್ತು. “ನೋಡಿದಿರಲ್ಲ, ಇಷ್ಟೇ!” ಎನ್ನುತ್ತಿದ್ದ ಗುರು.

ಮೊದಲ ಅಭ್ಯಾಸ ಶುಕ್ರವಾರದ ಒಪೋರ್ ಎಂಬ ತೆಂಗಿನಹಾಲಿನ ಸಾರಿಗೆ ತಂದಿದ್ದ ಕೋಳಿಯ ಮೇಲೆ ನಡೆಯಿತು. ಗರಿಸಮೇತ ಕೋಳಿ ಬೇಕೆಂದು ಅಂಗಡಿಯವನಿಗೆ ಹೇಳಿ ತಂದದ್ದು. ಬೆಳಿಗ್ಗೆ ಎಂಟಕ್ಕೆ ಕೂತವನು ಹನ್ನೊಂದಕ್ಕೆ ಎದ್ದ. ಚರ್ಮ ಒಂದು ಕಡೆ, ಕೋಳಿ ಒಂದು ಕಡೆ, ಮಾರ್ಗೊನೊನ ಕನ್ನಡಕ ಕೋಳಿಯ ಒಳಗಡೆ.

“ಇದೇನು ಮಾಸ್, ಬರಿಮೈ ಕೋಳಿ ತಂದ್ಕೊಡ್ತೀರಾ? ಚರ್ಮ ಇಲ್ದೆ ಸಾರಿಗೆ ಎಲ್ಲಿಂದ ಬರುತ್ತೆ ರುಚಿ?”

“ವಿದ್ಯೆಗೆ ಸ್ವಲ್ಪ ತ್ಯಾಗ ಬೇಕು.”

“ತ್ಯಾಗ ಮಾಡಿದ್ದು ಕೋಳಿ. ನೀವೇನು ಮಾಡಿದ್ರಿ?”

ತುಂಬಿಸಿದ ಕೋಳಿ ಎರಡು ದಿನ ಫ್ರಿಜ್ಜಿನ ತಲೆಯ ಮೇಲೆ ನಿಂತಿತ್ತು, ಮೂರನೇ ದಿನ ಮೊಣಕಾಲೂರಿತು. ಆಮೇಲೆ ಸರದಿ ಪುರ್ಲೆ ಹಕ್ಕಿಗಳದ್ದು. ಮೊದಲನೆಯದರ ತಲೆ ಕೈಗೆ ಬಂತು. ಎರಡನೆಯದರ ತಲೆ ಹಿಂದುಮುಂದಾಗಿ ಹೊಲಿದುಹೋಯಿತು. ಮೂರನೆಯದನ್ನು ದೂರದಿಂದ ನೋಡಿದವರು ಹಕ್ಕಿ ಎಂದು ಒಪ್ಪಬಹುದಿತ್ತು. ಹತ್ತಿರದಿಂದ ನೋಡಿದ ಸುಮಿರಾ, ಬೂಟ್ ಪಾಲಿಶ್ ಬ್ರಶ್ ಎಂದಳು. ಆದರೂ ಮಾರ್ಗೊನೊಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಜೀವಮಾನದಲ್ಲಿ ಯಾರೂ ಹೇಳಿಕೊಡದೆ ಕಲಿತ ಮೊದಲ ವಿದ್ಯೆ ಅದು. ಅಂಗಳದಲ್ಲಿ ಶಿಳ್ಳೆ ಹಾಕುತ್ತ ತಂತಿ ಬಗ್ಗಿಸುತ್ತಿದ್ದ. ದಾರಿಯಲ್ಲಿ ಸಿಕ್ಕ ನೆರೆಮನೆಯಾಕೆ ಬು ರುಮಿಂತೆನ್ (ಬು ಎಂದರೆ ಅಮ್ಮ) ಅವರನ್ನೂ ಎದೆಯ ಅಳತೆ ತೆಗೆಯುವವನ ಹಾಗೆ ದಿಟ್ಟಿಸಿ, ಅವರು ಛತ್ರಿ ಎತ್ತುವಂತೆ ಮಾಡಿದ.

ಇಪ್ಪತ್ತಾರನೇ ದಿನ ಮಹಾ ಶಸ್ತ್ರಚಿಕಿತ್ಸೆಗೆ ಮುಹೂರ್ತವಾಯಿತು. ಊಟದ ಮೇಜಿನ ಮೇಲೆ ಕಾಳಿನ ಡಬ್ಬಿಯ ಬಿಳಿ ಬಟ್ಟೆ ಹಾಸಿದ. ಲಕೋಟೆ ಸೀಳುವ ಚಾಕು ಮಸೆದ. ದಿಂಬು ಬಿಚ್ಚಿ ಬೂರುಗದ ಹತ್ತಿ ತೆಗೆದ. ಕಿಯಾಯಿಯವರಿಗೆ ಕೈಮುಗಿದು ಕ್ಷಮೆ ಕೇಳಿ ಕೆಲಸಕ್ಕಿಳಿದ. ಹೇಳಿದರೆ ನಂಬಬೇಕು, ಚರ್ಮ ಎಲ್ಲೂ ಹರಿಯದೆ ಬಂತು. ಇನ್ನು ಅದರ ಒಳಮೈಗೆ ಕೆಡದಂತೆ ಬಿಳಿಗಾರ ಸವರಬೇಕು. ಬಿಳಿಗಾರವನ್ನು ಸುಮಿರಾ ಅಕ್ಕಿಹಪ್ಪಳದ ಹಿಟ್ಟಿಗೆ ಹಾಕಲು ಇಟ್ಟುಕೊಂಡಿದ್ದಳು.

“ಸುಮಿರಾ, ಬಿಳಿಗಾರ ಎಲ್ಲಿ?”

ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. “ಬಿಸ್ಕತ್ ಡಬ್ಬಿಯಲ್ಲಿ!”

ನಮ್ಮ ಗಲ್ಲಿಯ ಯಾವ ಮನೆಯಲ್ಲೂ ಬಿಸ್ಕತ್ ಡಬ್ಬಿಯೊಳಗೆ ಬಿಸ್ಕತ್ ಕಂಡವರಿಲ್ಲ. ಹಬ್ಬಕ್ಕೆ ಬಂದ ಬಿಸ್ಕತ್ ಹಬ್ಬದ ದಿನವೇ ಮುಗಿಯುತ್ತದೆ, ಡಬ್ಬಿ ಮಾತ್ರ ಮೂರು ತಲೆಮಾರು ಬಾಳುತ್ತದೆ. ಸುಮಿರಾಳ ಕಪಾಟಿನಲ್ಲಿ ಅಂಥವು ನಾಲ್ಕಿದ್ದವು. ಮೊದಲನೆಯದರಲ್ಲಿ ಕರಿಯದ ಹಪ್ಪಳ. ಎರಡನೆಯದರಲ್ಲಿ ಸೂಜಿ, ದಾರ, ಗುಂಡಿ. ಮೂರನೆಯದರಲ್ಲಿ ನುಣ್ಣನೆಯ ಬಿಳಿ ಪುಡಿ. ಮಾರ್ಗೊನೊ ಅಲ್ಲಿಗೇ ಹುಡುಕಾಟ ನಿಲ್ಲಿಸಿದ. ನಾಲ್ಕನೆಯದನ್ನು ತೆರೆಯಲಿಲ್ಲ. ಮೂರನೆಯದನ್ನು ನೆಕ್ಕಿ ನೋಡಲೂ ಇಲ್ಲ, ಬಿಳಿಗಾರ ನೆಕ್ಕಬಾರದೆಂದು ಗುರು ಎಚ್ಚರಿಸಿದ್ದ. ಧಾರಾಳವಾಗಿ ಸುರಿದು, ಬೆರಳಿನಿಂದ ಮೂಲೆಮೂಲೆಗೂ ತಿಕ್ಕಿದ.

ಆಮೇಲೆ ತಂತಿ, ಆಮೇಲೆ ಹತ್ತಿ. ಹತ್ತಿಯಲ್ಲಿ ಅವನಿಗೆ ಕೈ ಬಿಗಿಯಿರಲಿಲ್ಲ. ಕಣ್ಣಿಗೆಂದು ಹೆಂಡತಿಯ ಹಳೆಯ ಬ್ರೋಚಿನಿಂದ ಎರಡು ಕಂದು ಮಣಿ ಕಿತ್ತಿದ್ದ. ಒಂದು ಉರುಳಿ ಬೀರುವಿನ ಕೆಳಗೆ ಹೋಯಿತು, ಆ ಜಾಗಕ್ಕೆ ಹಸಿರು ಮಣಿ ಬಂತು. ಕೊನೆಗೆ ಎದೆಯ ಸೀಳನ್ನು ಹೊಲಿದು ಗಂಟು ಹಾಕಿದ. ಕೈ ಮರೆಯದ ಗಂಟು ಅದು. ಹೊರದೇಶಕ್ಕೆ ಹೋಗುವ ಪಾರ್ಸೆಲ್‌ಗಳಿಗೆ ಹಾಕುವಂಥದ್ದು.

ಸುಮಿರಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ನೋಡಿದಳು. ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು. ನೆಲದ ಮೇಲೆ ಕೂತಳು.

“ನಗ್ಬೇಡ್ವೇ. ಏನಾದ್ರೂ ಹೇಳು.”

“ಮಾಸ್... ಕಿಯಾಯಿಗೆ... ಎಷ್ಟು ತಿಂಗಳು?”

ಎದೆಯಲ್ಲಿ ಸ್ವಲ್ಪ ಹತ್ತಿ ಹೆಚ್ಚಾಗಿತ್ತು, ನಿಜ. ಕತ್ತು ಬಾತುಕೋಳಿಯಷ್ಟು ಉದ್ದ ಬಂದಿತ್ತು. ಒಂದು ಕಣ್ಣು ನಿಮ್ಮನ್ನು ನೋಡಿದರೆ ಇನ್ನೊಂದು ಬೀದಿಯ ಬಾಗಿಲನ್ನು ಕಾಯುತ್ತಿತ್ತು. ಆದರೆ ಕಾಲು ಮಾತ್ರ ಎರಡೂ ಅಪ್ಪಟ. ಮೂವತ್ತಮೂರು ಹುರುಪೆ. ಮಾರ್ಗೊನೊ ಕಣ್ಣು ಮುಚ್ಚಿಕೊಂಡು ಸವರಿ ಎಣಿಸಿದ. ಕಣ್ಣು ಮುಚ್ಚಿದ್ದರೆ ಆ ಹಕ್ಕಿ ನಿಜಕ್ಕೂ ಜೀವಂತವಾಗಿತ್ತು.

ಕಿಯಾಯಿಯವರನ್ನು ಒಣಗಲೆಂದು ಅಡುಗೆಮನೆಯ ಜಾಲರಿ ಬೀರುವಿನಲ್ಲಿ ಇಟ್ಟರು. ಆ ಬೀರುವಿನ ನಾಲ್ಕು ಕಾಲುಗಳೂ ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ನಿಂತಿದ್ದವು. ವಾಸನೆ ಬರದಿರಲು ಸುತ್ತ ಒಂದು ಸೇರು ಲವಂಗ. ಮಾರನೇ ದಿನ ಇನ್ನೊಂದು ರಗಳೆ ಎದ್ದಿತು.

“ಮಾಸ್, ಇಲ್ಲಿ ನೋಡಿ. ಬಾಪಾ ಬಂದ ದಿನ ಕಡುಬು ಮಾಡೋಣ ಅಂತ ಅಕ್ಕಿಹಿಟ್ಟಿಗೆ ಸಕ್ಕರೆ ಪುಡಿ ಬೆರೆಸಿಟ್ಟಿದ್ದೆ. ಅರ್ಧ ಖಾಲಿ! ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿಲ್ವಾ?”

“ಅಲ್ಲಾಹುವಿನಾಣೆ, ನಾನು ಸಕ್ಕರೆ ಮುಟ್ಟಿಲ್ಲ!”

“ಹಾಗಾದ್ರೆ ಕಿಯಾಯಿ ಎದ್ದು ಬಂದು ತಿಂದ್ರಾ?”

(ತಿಂದಿದ್ದರು ಎನ್ನಬಹುದೇನೋ. ಆದರೆ ಅದು ಆಗ ಇಬ್ಬರಿಗೂ ತಿಳಿಯದು.)

ಶಿಕ್ಷೆಯಾಗಿ ಮಾರ್ಗೊನೊಗೆ ಎರಡು ವಾರ ಪಪ್ಪಾಯ ಎಲೆಯ ಪಲ್ಯ ಜಾರಿಯಾಯಿತು. ಬೆಳಿಗ್ಗೆ ಕಹಿ, ಮಧ್ಯಾಹ್ನ ಕಹಿ. ಚಹಾಕ್ಕೂ ಸಕ್ಕರೆ ಇಲ್ಲ. ಮಾಡದ ಕಳ್ಳತನಕ್ಕೆ ಇಷ್ಟು ಶಿಕ್ಷೆಯೇ ಎಂದು ಅವನು ಹಿತ್ತಲಲ್ಲಿ ಮೇಕೆಯ ಹತ್ತಿರ ಹೇಳಿಕೊಂಡ. ಅದೂ ನಾಕ್, ತಾನೂ ಸದ್ಯದಲ್ಲೇ ನಾಕ್, ಹಾಗಾಗಿ ಒಂದು ಆತ್ಮೀಯತೆ ಬೆಳೆದಿತ್ತು. ಉಳಿದ ಹೊತ್ತಿನಲ್ಲಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಕಿಯಾಯಿಯವರ ಹಾಡು ಅಭ್ಯಾಸ ಮಾಡಿದ. ಗಳದ ಮೇಲಿನ ಹಕ್ಕಿ ಮೂರು ದಿನ ಬಾಯಿ ಬಿಡದಿದ್ದರೆ ಹೇಗೆ? ಎರಡನೇ ದಿನ ಬು ರುಮಿಂತೆನ್ ಉಬ್ಬಸಕ್ಕೆ ಹಚ್ಚುವ ಎಣ್ಣೆ ತಂದುಕೊಟ್ಟು ಹೋದರು.

“ಬಿಟ್ಬಿಡಿ ಮಾಸ್,” ಎಂದಳು ಸುಮಿರಾ. “ಹಕ್ಕಿ ಹಾಡೋದು ಹೊಟ್ಟೆಯಿಂದಲ್ಲ. ನಿಮ್ಮ ಈ ಹುಚ್ಚಾಟದಲ್ಲಿ ನಾನಂತೂ ಇಲ್ಲ. ಬಾಪಾ ಕೇಳಿದ್ರೆ ನಂಗೇನೂ ಗೊತ್ತಿಲ್ಲ ಅಂತೀನಿ.”

ನಲವತ್ತನೇ ದಿನ ಬೆಳಗಾಯಿತು. ಆರಕ್ಕೆ ಸರಿಯಾಗಿ ಮಾರ್ಗೊನೊ ಪಂಜರವನ್ನು ಗಳದ ತುದಿಗೆ ಏರಿಸಿದ. ಕೆಳಗಿನಿಂದ ನೋಡಿದರೆ ಬಿಸಿಲಿಗೆ ಒಂದು ಕಪ್ಪು ಉಂಡೆ, ಅಷ್ಟೇ. ಎಷ್ಟು ಚೆಂದ ಕಂಡಿತೆಂದರೆ ಅವನು ತನ್ನನ್ನು ತಾನೇ ಮೆಚ್ಚಿಕೊಂಡು ಒಂದು ಸುತ್ತು ಕುಣಿದ. ಒಂಬತ್ತಕ್ಕೆ ದೊಡ್ಡ ಮಗಳ ಕಾರು ಬಂದು ಮಾವನವರನ್ನು ಇಳಿಸಿತು. ಅವರು ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಡೆದು ಬಂದರು.

“ಸುಮಿರಾ! ಅಯ್ಯೋ, ನಿನ್ನ ಕೂದಲು ಯಾವಾಗ ನರೆತದ್ದು? ಗೋಡೆಗೆ ಯಾರು ಈ ಬಣ್ಣ ಬಳಿದದ್ದು? ಆ ಬೋಳುತಲೆಯ ಮುದುಕ ಯಾರು?”

“ಅವರು, ಬಾಪಾ... ಇವರೇ. ನಿಮ್ಮ ಅಳಿಯ.”

“ಅವನಾ!” ಮಾವನವರು ಹತ್ತಿರ ಬಂದು ನೋಡಿ ಮರುಕಪಟ್ಟರು. “ಅವನಿಗೆ ಹೇಳು, ಟೋಪಿ ಹಾಕ್ಕೊಳ್ಳೋಕೆ.”

ಮಾರ್ಗೊನೊ ಬೋಳುತಲೆ ಸವರಿಕೊಂಡ. ತಂತಿ, ಹತ್ತಿ, ಮಣಿ, ಲವಂಗ, ಎಲ್ಲವನ್ನೂ ಯೋಚಿಸಿದ್ದ. ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಲು ಹೋದವರು ಕಣ್ಣು ಕಾಣುವವರಾಗಿ ವಾಪಸ್ಸು ಬರುತ್ತಾರೆ ಎಂಬುದೊಂದನ್ನು ಮಾತ್ರ ಯೋಚಿಸಿರಲಿಲ್ಲ.

ಮಾವನವರು ಅಂಗಳದ ನಡುವೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಗಳದ ತುದಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಒಂದು ದೊಡ್ಡ ಆಶ್ಚರ್ಯ ಕಾಣಿಸಿತು.

“ಕಿಯಾಯಿ... ಇದಾರಾ?”

“ಇದಾರೆ ಬಾಪಾ, ಇದಾರೆ!” ಎಂದ ಮಾರ್ಗೊನೊ, ದನಿ ಅರ್ಧ ಮೇಲೆ ಹೋಗಿತ್ತು.

“ದಪ್ಪಗಾಗಿದಾರೆ.”

“ಚೆನ್ನಾಗಿ ಉಣ್ತಾರೆ.”

“ಅಲ್ಲಾಡ್ತಾ ಇಲ್ಲ.”

“ಧ್ಯಾನ, ಬಾಪಾ. ವಯಸ್ಸಾಯ್ತಲ್ಲ.”

“ಹಾಡ್ತಾ ಇಲ್ಲ.”

ಮಾರ್ಗೊನೊಗೆ ಬಚ್ಚಲಮನೆಯ ಅಭ್ಯಾಸವೆಲ್ಲ ನೆನಪಾಯಿತು. ಎದುರಿಗೆ ನಿಂತುಕೊಂಡು ಹಾಡುವುದಾದರೂ ಹೇಗೆ? ಇಪ್ಪತ್ತೇಳು ವರ್ಷದ ಆಸೆ ಕಣ್ಣೆದುರಿಗೇ ಮುಳುಗುತ್ತಿತ್ತು. ಆಗ ಕೇಳಿಸಿತು: “ಹೂರ್ರ್... ಕೆತೆಕೂ... ಕುಂಗ್.” ತುಂಬು ದನಿ. ಕೊನೆಯ ‘ಕುಂಗ್’ ಗಂಟೆ ಬಾರಿಸಿದ ಹಾಗೆ ಅಂಗಳದ ತುಂಬ ನಿಂತಿತು. ಹುಟ್ಟಿದಾಗಿನಿಂದ ಹಕ್ಕಿಗಳ ಕೆಳಗೇ ಬೆಳೆದವಳಿಗಲ್ಲದೆ ಇನ್ನಾರಿಗೂ ಅಂಥ ಕುಂಗ್ ಬಾರದು. ನಂಗೇನೂ ಗೊತ್ತಿಲ್ಲ ಅಂತೀನಿ ಎಂದಿದ್ದ ಸುಮಿರಾ, ಯಾವಾಗ ಒಳಗೆ ಹೋಗಿದ್ದಳೋ ಏನೋ. ಮಾರ್ಗೊನೊಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತು.

ಮಾವನವರು ತಲೆ ವಾಲಿಸಿ ಕೇಳಿದರು.

“ಹಕ್ಕಿ ಗಳದ ಮೇಲಿದೆ. ಹಾಡು ಅಡುಗೆಮನೆಯಿಂದ ಬರ್ತಿದೆ.”

“ಗಾಳಿ ಬಾಪಾ. ಗಾಳಿ ತಿರುಗಿದೆ.”

“ಮತ್ತೆ ಗಳದ ಮೇಲೆ ಅದೇನು ಮೆರವಣಿಗೆ?”

ಮಾರ್ಗೊನೊ ನೋಡಿದ. ಸಪೋಟ ಮರದ ಬುಡದಿಂದ ಹೊರಟ ಕೆಂಪಿರುವೆ ಸಾಲು ಅಂಗಳ ದಾಟಿ, ಗಳ ಹತ್ತಿ, ಪಂಜರ ಹೊಕ್ಕು, ಇನ್ನೊಂದು ಮಗ್ಗುಲಿನಿಂದ ತುಂಬಿದ ಬಾಯಲ್ಲಿ ಇಳಿದು ಬರುತ್ತಿತ್ತು. ಮಾವನವರು ಹಗ್ಗ ಹಿಡಿದು ತಾವೇ ರಾಟೆ ಬಿಟ್ಟರು. ಪಂಜರ ಇಳಿಯಿತು.

ಕಿಯಾಯಿ ಸಬ್ದೊ ಅವರು ಒಂದು ಕಂದು ಕಣ್ಣಿನಿಂದ ಯಜಮಾನರನ್ನೂ, ಒಂದು ಹಸಿರು ಕಣ್ಣಿನಿಂದ ಬೀದಿಯನ್ನೂ ನೋಡುತ್ತಿದ್ದರು. ಮಾವನವರು ಬೆರಳಿನಿಂದ ಎದೆ ಮುಟ್ಟಿದರು. ಇರುವೆಗಳು ಎಷ್ಟು ದೂರ ಕೆಲಸ ಮುಗಿಸಿದ್ದವೋ ಏನೋ, ಅಂಚೆ ಇಲಾಖೆಯ ಗಂಟು ಗಟ್ಟಿಯಾಗಿ ನಿಂತಿತು, ಸುತ್ತಲಿನ ಚರ್ಮ ಪರ್ರನೆ ಬಿಟ್ಟುಕೊಂಡಿತು. ಬೂರುಗದ ಹತ್ತಿ ಹೂವಾಗಿ ಹಾರಿ ಮುದುಕರ ಮೀಸೆ, ಹುಬ್ಬು, ಅಂಗಳ ಎಲ್ಲ ತುಂಬಿತು. ಅವರು ಬೆರಳಿಗೆ ಅಂಟಿದ ಬಿಳಿ ಪುಡಿಯನ್ನು ಮೂಸಿದರು. ನಾಲಿಗೆಗೆ ತಾಕಿಸಿದರು.

“ಸಿಹಿ,” ಎಂದರು.

“ನನ್ನ ಕಡುಬಿನ ಹಿಟ್ಟು!” ಅಡುಗೆಮನೆಯ ಬಾಗಿಲಲ್ಲಿ ಸುಮಿರಾ ಕೂಗಿದಳು. “ಬಿಳಿಗಾರ ನಾಲ್ಕನೇ ಡಬ್ಬಿಯಲ್ಲಿ ಇತ್ತಲ್ರೀ!”

“ನಾಲ್ಕನೇದು ಅಂತ ಹೇಳಿದ್ಯಾ ನೀನು? ಎರಡು ವಾರ ಪಪ್ಪಾಯ ಎಲೆ ತಿನ್ನಿಸಿದ್ಯಲ್ಲೇ!”

“ಇನ್ನೂ ಎರಡು ವಾರ ತಿನ್ನಿಸ್ತೀನಿ!”

“ಇಬ್ಬರೂ ಸುಮ್ನಿರಿ,” ಎಂದರು ಮಾವನವರು.

ಅವರು ಕಣ್ಣು ಮುಚ್ಚಿದರು. ಹೆಬ್ಬೆರಳಿನಿಂದ ಹಕ್ಕಿಯ ಕಾಲನ್ನು ಮೆಲ್ಲಗೆ ಸವರುತ್ತ ಹೋದರು. ಒಂದು ಕಾಲು, ಆಮೇಲೆ ಇನ್ನೊಂದು. “ಮೂವತ್ತಮೂರು,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಹತ್ತಿ ಇನ್ನೂ ನಿಧಾನಕ್ಕೆ ಇಳಿಯುತ್ತಿತ್ತು.

“ಬಿಳಿ ಬಟ್ಟೆ ಎಲ್ಲಿ?”

“ಯಾವ ಬಟ್ಟೆ, ಬಾಪಾ?”

“ಕಾಳಿನ ಡಬ್ಬಿಯಲ್ಲಿ ಇಟ್ಟಿದ್ನಲ್ಲ. ಬಟ್ಟೆ, ಮಲ್ಲಿಗೆ. ಕಿಯಾಯಿಗೆ ಬೇಕಾದ್ದೆಲ್ಲ.”

ಮಾರ್ಗೊನೊಗೆ ಆಗ ಹೊಳೆಯಿತು. ನಮ್ಮಲ್ಲಿ ಯಾರೇ ತೀರಿಕೊಂಡರೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಹೂವಿಟ್ಟು ಮಣ್ಣು ಮಾಡುತ್ತೇವೆ. ಅದೇನು ಎಂದು ಗಲ್ಲಿಯ ಯಾವ ಕೂಸನ್ನು ಕೇಳಿದರೂ ಹೇಳುತ್ತಿತ್ತು. ಅವನು ಅದರ ಮೇಲೆ ಹಕ್ಕಿ ಕೊಯ್ದಿದ್ದ.

“ಕಿಯಾಯಿ ಆಗ್ಲೇ ಕಾಳು ಬಿಟ್ಟಿದ್ರು,” ಎಂದರು ಮುದುಕರು, ಪಂಜರವನ್ನು ನೋಡುತ್ತ. “ಹೆಚ್ಚು ದಿನ ಇಲ್ಲ ಅಂತ ನನ್ನ ಕೈಗೆ ಗೊತ್ತಾಗಿತ್ತು. ಅವರು ಹೋಗೋದನ್ನ ನೋಡೋ ಧೈರ್ಯ ನಂಗಿರ್ಲಿಲ್ಲ. ಹೊಸ ಕಣ್ಣು ಬಿಟ್ಟು ಮೊದಲು ನೋಡೋದೇ ಅದಾಗ್ಬಾರ್ದು ಅಂತ ಸೆಮಾರಾಂಗಿಗೆ ಓಡಿದ್ದು. ಅದಕ್ಕೇ ಅವನ ಕೈಗೆ ಕೊಟ್ಟೆ. ಹಕ್ಕಿ ಸಾಕೋದು ಅವನಿಗೆ ಬರಲ್ಲ, ಗೊತ್ತು. ಕಳಿಸಿಕೊಡೋದಾದ್ರೂ ಬರುತ್ತೆ, ಮೂವತ್ತು ವರ್ಷ ಅದೇ ಕೆಲಸ ಮಾಡಿದಾನೆ ಅಂದ್ಕೊಂಡೆ. ಒಂದು ಗುಂಡಿ ತೋಡ್ಬೇಕಿತ್ತು. ಅಷ್ಟೇ. ಒಂದು ಗುಂಡಿ.”

ಮಾರ್ಗೊನೊ ತಲೆ ತಗ್ಗಿಸಿದ. ನಾಚಿಕೆಗೆ ಬೋಳುತಲೆಯೂ ಕೆಂಪಾಯಿತು. ಆಗ ಒಂದು ವಿಚಿತ್ರ ಸದ್ದು ಕೇಳಿಸಿತು. ಅಳುತ್ತಿದ್ದಾರೆಂದು ಅವನು ಕಣ್ಣೆತ್ತಿದರೆ, ಮಾವನವರು ಹಕ್ಕಿಯ ಹಸಿರು ಕಣ್ಣನ್ನು ನೋಡಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು. ಡಾಕ್ಟರು ಕಣ್ಣು ಒದ್ದೆ ಮಾಡಬೇಡಿ ಎಂದಿದ್ದರು ಎಂದು ಸುಮಿರಾ ಗದರಿದಳು, ಗದರುತ್ತಲೇ ತಾನೂ ನಕ್ಕಳು. ಬೇಲಿಯ ಆಚೆ ಕಿವಿಗೊಟ್ಟಿದ್ದ ಬು ರುಮಿಂತೆನ್ ಯಾಕೆಂದು ತಿಳಿಯದೆಯೇ ಸೇರಿಕೊಂಡರು.

ಸಪೋಟ ಮರದ ನೆರಳಲ್ಲಿ ಮಾರ್ಗೊನೊ ಗುಂಡಿ ತೋಡಿದ. ಅಂಚು ನೇರ, ತಳ ಸಮ. ಒಗೆದು ತಂದ ಬಿಳಿ ಬಟ್ಟೆಯಲ್ಲಿ ಕಿಯಾಯಿಯವರನ್ನು ಸುತ್ತಿದ. ಅದರಲ್ಲಿ ಅವನನ್ನು ಮೀರಿಸುವವರಿಲ್ಲ, ಅಷ್ಟು ಅಚ್ಚುಕಟ್ಟಾದ ಮಡಿಕೆ. ಮಲ್ಲಿಗೆ ಹಾಕಿ, ಮಣ್ಣು ಎಳೆದು, ಕೈ ಕೊಡವಿಕೊಂಡು ಎದ್ದು ನಿಂತ. ಮಾವನವರು ಹೊಸ ಕಣ್ಣಿನಿಂದ ಗೋರಿಯ ನಾಲ್ಕೂ ಮೂಲೆ ನೋಡಿ ತಲೆದೂಗಿದರು.

“ನಾಕ್,” ಎಂದರು.

ಮಾರ್ಗೊನೊ ಸುತ್ತ ನೋಡಿದ. ತರಕಾರಿಯವನು ಇರಲಿಲ್ಲ. ಮೇಕೆಯೂ ಇರಲಿಲ್ಲ.

“ನಿನ್ನನ್ನೇ. ನಾಕ್, ಇಲ್ಲಿ ಕೇಳು. ನಾನು ಹೋದ ದಿನ ನನ್ನನ್ನೂ ಹೀಗೇ ಅಚ್ಚುಕಟ್ಟಾಗಿ ಮಣ್ಣು ಮಾಡ್ಬೇಕು. ಅವತ್ತೇ ಮಾಡ್ಬೇಕು. ಫೋನಲ್ಲಿ ನೋಡಿ ಏನೂ ಕಲೀಬಾರ್ದು. ಆಣೆ ಮಾಡು.”

ಮಾರ್ಗೊನೊ ಎರಡೂ ಕೈ ಎತ್ತಿ ಆಣೆ ಮಾಡಿದ. ಅವನಿಗೆ ಮೊದಲ ಮಾತಿನ ಆಚೆ ಏನೂ ಕೇಳಿಸಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಸುಮಿರಾ ಒಳಗೆ ಹೋಗಿ ಬಿಸ್ಕತ್ ಡಬ್ಬಿ ನಾಲ್ಕನ್ನೂ ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಅಪ್ಪನ ಜೇಬಿಗೆ ಹಾಕಿದಳು.